ಎಲ್‌ಇಡಿ ಬಲ್ಬ್ ಹಾಕುವ ಮುನ್ನ ಹೆಡ್‌ಲೈಟಿನ ಒಳಗೊಮ್ಮೆ ಇಣುಕಿ

ಹೆಡ್‌ಲೈಟಿನ ಹಳೇ ಹ್ಯಾಲೊಜೆನ್ ಬಲ್ಬನ್ನು ಹೊರಗೆ ತೆಗೆದು ಹಗಲಲ್ಲಿ ಒಮ್ಮೆ ನೋಡಿ. ಗಾಜಿನ ಒಳಗೆ ಸುರುಳಿ ಸುತ್ತಿದ ಪುಟ್ಟ ತಂತಿ ಕಾಣುತ್ತದೆ. ಎಚ್7 ಎಂಬ ಬಲ್ಬಿನಲ್ಲಿ ಅದರ ಉದ್ದ ಸುಮಾರು 4 ಮಿಲಿಮೀಟರ್. ಒಂದು ಇರುವೆಯಷ್ಟು. ರಾತ್ರಿ ನಿಮ್ಮ ಮುಂದೆ ರಸ್ತೆಯ ಮೇಲೆ ಬೀಳುವ ಬೆಳಕೆಲ್ಲ ಹುಟ್ಟುವುದು ಅಷ್ಟು ಸಣ್ಣ ಜಾಗದಲ್ಲಿ. ಬಲ್ಬಿನ ಸುತ್ತ ಇರುವ ಕನ್ನಡಿಯಂಥ ಬಟ್ಟಲಿಗೆ ರಿಫ್ಲೆಕ್ಟರ್ ಅನ್ನುತ್ತಾರೆ. ಆ ತಂತಿ ಇಂಥದೇ ಜಾಗದಲ್ಲಿ, ಇಷ್ಟೇ ಉದ್ದ ಇರುತ್ತದೆ ಎಂದು ಲೆಕ್ಕ ಹಾಕಿಯೇ ಅದರ ಒಂದೊಂದು ಬಾಗನ್ನೂ ಮಾಡಿರುತ್ತಾರೆ. ತಂತಿ ಒಂದು ಮಿಲಿಮೀಟರ್ ಅತ್ತಿತ್ತ ಸರಿದರೂ, ದೂರದ ರಸ್ತೆಯ ಮೇಲೆ ಬೆಳಕು ಮೀಟರ್‌ಗಟ್ಟಲೆ ಅತ್ತಿತ್ತ ಸರಿಯುತ್ತದೆ.

ಎಲ್‌ಇಡಿ ಬಲ್ಬ್ ಹಾಕಿಸಿಕೊಂಡು ಬೇಸರಪಟ್ಟವರಲ್ಲಿ ಹೆಚ್ಚಿನವರು ಈ ಒಂದು ಸಂಗತಿಯನ್ನು ಯಾರೂ ಹೇಳದೆ ಮೋಸಹೋದವರು. ನನಗೂ ಹಾಗೇ ಆಗಿತ್ತು. ಮೊದಲ ಸಲ ಹಾಕಿದಾಗ ಎದುರಿನ ಗೋಡೆ ಮೇಲೆ ಬಿದ್ದ ಬಿಳಿ ಬೆಳಕು ನೋಡಿ ತುಂಬಾ ಖುಷಿಯಾಯಿತು. ಅದೇ ರಾತ್ರಿ ಹೆದ್ದಾರಿಯಲ್ಲಿ ಎದುರು ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಲೈಟ್ ಮಿಟುಕಿಸತೊಡಗಿದರು. ನಾನು ಡಿಪ್‌ನಲ್ಲೇ ಇದ್ದೆ. ಸಾಲದ್ದಕ್ಕೆ, ನನಗೂ ದೂರದ ರಸ್ತೆ ಮೊದಲಿಗಿಂತ ಚೆನ್ನಾಗಿ ಕಾಣುತ್ತಿರಲಿಲ್ಲ. ಬೆಳಕು ಜಾಸ್ತಿ ಆಗಿತ್ತು, ಆದರೆ ಬೀಳಬೇಕಾದ ಕಡೆ ಬೀಳುತ್ತಿರಲಿಲ್ಲ.

ಡಿಪ್ ಅಂದರೆ ಕತ್ತರಿಸಿದ ಬೆಳಕು

ಹೈ ಬೀಮ್ ಸುಲಭ. ಇರುವ ಬೆಳಕನ್ನೆಲ್ಲ ಮುಂದಕ್ಕೆ ಎಸೆದರೆ ಮುಗಿಯಿತು. ಕಷ್ಟ ಇರುವುದು ಡಿಪ್‌ನಲ್ಲಿ. ರಸ್ತೆ ಪೂರ್ತಿ ಕಾಣಬೇಕು, ಎದುರು ಬರುವವರ ಕಣ್ಣಿಗೆ ಮಾತ್ರ ಬೀಳಬಾರದು. ಅದಕ್ಕಾಗಿ ಬೆಳಕಿನ ಮೇಲ್ಭಾಗವನ್ನು ಚಾಕುವಿನಲ್ಲಿ ಕೊಯ್ದ ಹಾಗೆ ಕತ್ತರಿಸಿರುತ್ತಾರೆ. ಗೋಡೆ ಎದುರು ಗಾಡಿ ನಿಲ್ಲಿಸಿ ಡಿಪ್ ಹಚ್ಚಿದರೆ ಆ ಗೆರೆ ಕಾಣುತ್ತದೆ. ಎದುರು ಗಾಡಿಗಳು ಬರುವ ಕಡೆ ಅದು ನೇರವಾಗಿ, ಕೆಳಗೆ ಇರುತ್ತದೆ. ರಸ್ತೆ ಅಂಚಿನ ಕಡೆ, ಬಹಳ ಗಾಡಿಗಳಲ್ಲಿ, ಸುಮಾರು 15 ಡಿಗ್ರಿ ಮೇಲಕ್ಕೆ ಏರುತ್ತದೆ. ಅಂಚಿನಲ್ಲಿ ನಡೆದು ಹೋಗುವವರು, ಅಲ್ಲಿ ನೆಟ್ಟ ಫಲಕಗಳು ಕಾಣಲಿ ಅಂತ.

ಈ ಗೆರೆ ಮೂಡುವ ರೀತಿ ಎಚ್4 ಬಲ್ಬಿನಲ್ಲಿ ತುಂಬಾ ಚೆಂದ. 1970ರ ದಶಕದಿಂದ ಬಳಕೆಯಲ್ಲಿರುವ ಈ ಬಲ್ಬಿನಲ್ಲಿ ಎರಡು ತಂತಿಗಳಿವೆ. ಒಂದು ಹೈ, ಒಂದು ಡಿಪ್. ಡಿಪ್ ತಂತಿಯ ಅಡಿಯಲ್ಲಿ ತೊಟ್ಟಿಲಿನಂಥ ಪುಟ್ಟ ಲೋಹದ ತಗಡು ಇರುತ್ತದೆ. ಅದು ಕೆಳಕ್ಕೆ ಹೋಗುವ ಬೆಳಕನ್ನು ತಡೆಯುತ್ತದೆ. ಹಾಗಾಗಿ ಡಿಪ್‌ನಲ್ಲಿ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬೀಳುತ್ತದೆ, ಅಲ್ಲಿಂದ ರಸ್ತೆ ಕಡೆಗೆ ಇಳಿಯುತ್ತದೆ. ಆ ಗೆರೆಯ ಆಕಾರ ಬರುವುದು ಇಷ್ಟು ಚಿಕ್ಕ ತಗಡಿನ ಅಂಚಿನಿಂದ. ಎಲ್‌ಇಡಿ ಬಲ್ಬಿನಲ್ಲಿ ಆ ತಗಡು ಇಲ್ಲದಿದ್ದರೆ, ಅಥವಾ ಇದ್ದರೂ ಸ್ವಲ್ಪ ಜರುಗಿದ್ದರೆ, ರಿಫ್ಲೆಕ್ಟರಿನ ಕೆಳಗರ್ಧವೂ ಹೊಳೆಯುತ್ತದೆ. ಅಲ್ಲಿ ಬಿದ್ದ ಬೆಳಕು ಸೀದಾ ಎದುರಿನವರ ಮುಖಕ್ಕೆ ಹೋಗುತ್ತದೆ.

ಪ್ರೊಜೆಕ್ಟರ್ ಹೆಡ್‌ಲೈಟುಗಳ ಕತೆ ಸ್ವಲ್ಪ ಬೇರೆ. ಗಾಜಿನ ಗುಂಡು ಮಸೂರ ಕಾಣುತ್ತದಲ್ವಾ, ಅದೇ. ಇದರಲ್ಲಿ ಗೆರೆ ಮೂಡಿಸುವ ತಗಡು ಬಲ್ಬಿನಲ್ಲಿಲ್ಲ, ಲೈಟಿನ ಒಳಗೇ ಕೂತಿದೆ. ಯಾವ ಬಲ್ಬ್ ಹಾಕಿದರೂ ಗೆರೆ ಹೆಚ್ಚು ಕಮ್ಮಿ ಹಾಗೇ ಉಳಿಯುತ್ತದೆ. ಅದಕ್ಕೇ ಪ್ರೊಜೆಕ್ಟರ್‌ಗೆ ಎಲ್‌ಇಡಿ ಹಾಕುವುದರಿಂದ ಎದುರಿನವರಿಗೆ ಆಗುವ ಅಪಾಯ ಕಮ್ಮಿ. ಆದರೆ ಗೆರೆ ಸರಿ ಇದ್ದ ಮಾತ್ರಕ್ಕೆ ಬೆಳಕು ಸರಿ ಇದೆ ಎಂದಲ್ಲ. ದೂರಕ್ಕೆ ಹೋಗಬೇಕಾದ ತೀಕ್ಷ್ಣವಾದ ಬೆಳಕು ಹತ್ತಿರದಲ್ಲೇ ಹರಡಿ ನಿಂತುಬಿಡಬಹುದು.

ತಂತಿಯ ಜಾಗದಲ್ಲಿ ಚಿಪ್ ಕೂತಾಗ

ಬಿಸಿಯಾದ ತಂತಿ ಸುತ್ತಲೂ ಬೆಳಗುತ್ತದೆ. ಎಲ್‌ಇಡಿ ಚಿಪ್ ಹಾಗಲ್ಲ. ಅದು ಚಪ್ಪಟೆ. ತನ್ನ ಮುಖದ ಕಡೆ ಮಾತ್ರ ಬೆಳಕು ಕೊಡುತ್ತದೆ. ಹಾಗಾಗಿ ಒಂದು ತೆಳು ಲೋಹದ ಪಟ್ಟಿಯ ಎರಡೂ ಬದಿಗೆ ಚಿಪ್‌ಗಳನ್ನು ಅಂಟಿಸಿ ತಂತಿಯನ್ನು ಅನುಕರಿಸುತ್ತಾರೆ. ಈ ಪಟ್ಟಿ ತೆಳ್ಳಗಿದ್ದಷ್ಟೂ ಒಳ್ಳೆಯದು. ದಪ್ಪವಾದರೆ ಒಂದು ತಂತಿಯ ಬದಲು ದೂರ ದೂರ ನಿಂತ ಎರಡು ದೀಪಗಳಂತೆ ಆಗುತ್ತದೆ, ರಸ್ತೆಯ ಮೇಲೆ ಬೆಳಕು ಕಲಸಿಹೋಗುತ್ತದೆ.

ಚಿಪ್‌ಗಳ ಸಂಖ್ಯೆ ಜಾಸ್ತಿ ಇದ್ದರೆ ಒಳ್ಳೆಯದು ಎಂಬ ನಂಬಿಕೆ ಇದೆ. ಇದು ತಪ್ಪು. ಬೆಳಕು ದೂರ ಹೋಗಬೇಕಾದರೆ ಸಣ್ಣ ಜಾಗದಿಂದ ತೀಕ್ಷ್ಣವಾಗಿ ಹೊರಡಬೇಕು. ಉದ್ದದ ಪಟ್ಟಿ ತುಂಬಾ ಚಿಪ್ ತುಂಬಿದ ಬಲ್ಬು ಗೋಡೆಯನ್ನು ಬೆಳಗುತ್ತದೆ, ರಸ್ತೆಯನ್ನಲ್ಲ. ಕೊಳ್ಳುವಾಗ ಹಳೇ ಬಲ್ಬನ್ನು ಪಕ್ಕದಲ್ಲಿ ಹಿಡಿದು ಹೋಲಿಸಿ. ಬಲ್ಬಿನ ಬುಡದಲ್ಲಿ, ಹೆಡ್‌ಲೈಟಿಗೆ ಕೂರುವ ಬಳೆಯಿಂದ ತಂತಿ ಎಷ್ಟು ದೂರ ಇದೆಯೋ, ಚಿಪ್ ಅಷ್ಟೇ ದೂರ ಇರಬೇಕು. ಉದ್ದವೂ ಹೆಚ್ಚು ಕಮ್ಮಿ ಅಷ್ಟೇ ಇರಬೇಕು. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಅಂಗಡಿಯಲ್ಲಿ ನಿಂತು ಮಾಡಲು ಆಗುವುದಿಲ್ಲ.

ಪೆಟ್ಟಿಗೆ ಮೇಲಿನ ಅಂಕಿಗಳು

ಒಂದು ಎಚ್7 ಹ್ಯಾಲೊಜೆನ್ ಬಲ್ಬ್ 55 ವ್ಯಾಟಿನದು. ಕೊಡುವ ಬೆಳಕು ಸುಮಾರು 1500 ಲುಮೆನ್. ಎಚ್4 ಡಿಪ್‌ನಲ್ಲಿ ಸುಮಾರು 1000, ಹೈ ಬೀಮ್‌ನಲ್ಲಿ 1650. ಈಗ ಎಲ್‌ಇಡಿ ಪೆಟ್ಟಿಗೆ ನೋಡಿ. 20,000 ಲುಮೆನ್ ಅಂತ ಬರೆದಿರುತ್ತದೆ. ಇದು ನಿಜವೋ ಅಲ್ಲವೋ ಅಂತ ನೀವೇ ಲೆಕ್ಕ ಹಾಕಬಹುದು. ಬಿಳಿ ಎಲ್‌ಇಡಿ ಒಂದು ವ್ಯಾಟಿಗೆ ಸಾಮಾನ್ಯವಾಗಿ 100ರಿಂದ 150 ಲುಮೆನ್ ಕೊಡುತ್ತದೆ. ಬಲ್ಬ್ 25 ವ್ಯಾಟಿನದಾದರೆ 2500ರಿಂದ 3750. ಬಿಸಿಯಾದ ಮೇಲೆ ಇನ್ನೂ ಕಮ್ಮಿ. ಹಾಗಾದರೆ 20,000 ಎಲ್ಲಿಂದ ಬಂತು? ಅಂಥ ಅಂಕಿ ಬರೆದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬನ್ನಿ. ಅಂಕಿ ಒಂದರಲ್ಲಿ ಸುಳ್ಳು ಹೇಳಿದವರು ಚಿಪ್ ಕೂರಿಸುವುದರಲ್ಲಿ ಪ್ರಾಮಾಣಿಕರಾಗಿರುತ್ತಾರೆ ಎಂದು ನಂಬಲು ನನಗೆ ಮನಸ್ಸಾಗುವುದಿಲ್ಲ.

ಇನ್ನೊಂದು ಅಂಕಿ ಕೆಲ್ವಿನ್. ಇದು ಬಣ್ಣದ ಲೆಕ್ಕ, ಪ್ರಖರತೆಯದ್ದಲ್ಲ. ಹ್ಯಾಲೊಜೆನ್ ಸುಮಾರು 3200 ಕೆಲ್ವಿನ್, ಹಳದಿ ಛಾಯೆ. ಮಾರುಕಟ್ಟೆಯ ಎಲ್‌ಇಡಿಗಳಲ್ಲಿ ಬಹುಪಾಲು 6000ದಿಂದ 6500, ನೀಲಿ ಕಡೆಗೆ ವಾಲಿದ ಬಿಳಿ. ಬಿಳಿ ಎಲ್‌ಇಡಿಯ ಹುಟ್ಟೇ ನೀಲಿಯಿಂದ. ನೀಲಿ ಚಿಪ್ ಮೇಲೆ ಹಳದಿ ಪುಡಿಯ ಲೇಪ ಹಚ್ಚುತ್ತಾರೆ, ಎರಡೂ ಸೇರಿ ಬಿಳಿಯಾಗುತ್ತದೆ. ಆ ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆದರೆ ನೀಲಿ ಭಾಗ ಜಾಸ್ತಿಯಾದಷ್ಟೂ ಎದುರಿನವರ ಕಣ್ಣಿಗೆ ಚುಚ್ಚುವುದೂ ಜಾಸ್ತಿ. ವಯಸ್ಸಾದವರಿಗೆ ಇದು ಇನ್ನೂ ಕಷ್ಟ. ಕಣ್ಣಿನ ಮಸೂರ ಮಬ್ಬಾದಂತೆ ಒಳಗೆ ಬಂದ ಬೆಳಕು ಚದುರುತ್ತದೆ, ಕಣ್ಣು ಮತ್ತೆ ಸರಿಹೋಗಲು ಹೊತ್ತು ಹಿಡಿಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ 2 ಸೆಕೆಂಡಿನಲ್ಲಿ 44 ಮೀಟರ್ ದಾಟುತ್ತದೆ. ಕಣ್ಣು ಕುಕ್ಕಿಸಿಕೊಂಡ ಆ ಮನುಷ್ಯ ಅಷ್ಟು ದೂರ ಕುರುಡನಂತೆ ಓಡಿಸುತ್ತಾನೆ, ಅದೂ ನಿಮ್ಮ ಕಡೆಗೆ.

ಹತ್ತಿರದ ರಸ್ತೆ ಬೆಳ್ಳಗೆ ಬೆಳಗಿದರೆ ನಮಗೆ ಚೆನ್ನಾಗಿ ಕಾಣುತ್ತಿದೆ ಅನ್ನಿಸುತ್ತದೆ. ಅದೂ ಒಂದು ಭ್ರಮೆ. ಬಾನೆಟ್ ಮುಂದಿನ 10 ಮೀಟರ್ ತುಂಬಾ ಪ್ರಖರವಾದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ ಕತ್ತಲೆಯಲ್ಲಿ ನಿಂತ ಎಮ್ಮೆಯೋ ಮನುಷ್ಯನೋ ಕಾಣುವುದು ತಡವಾಗುತ್ತದೆ. ವೇಗದಲ್ಲಿರುವಾಗ ನಮ್ಮನ್ನು ಉಳಿಸುವುದು ದೂರದ ಬೆಳಕು.

ಮಂಜಿನ ದೀಪ

ಫಾಗ್ ಲೈಟ್ ಕೆಲಸವೇ ಬೇರೆ. ಅದು ದೂರ ತೋರಿಸುವುದಕ್ಕಲ್ಲ. ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು. ಬೆಳಕು ಅವಕ್ಕೆ ತಾಗಿ ವಾಪಸ್ ನಮ್ಮ ಕಣ್ಣಿಗೇ ಬರುತ್ತದೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರು ಬಿಳಿ ಗೋಡೆ ಎದ್ದು ನಿಂತಂತೆ ಕಾಣುವುದು ಇದಕ್ಕೇ. ಫಾಗ್ ಲೈಟನ್ನು ಬಂಪರಿನ ಕೆಳಗೆ ಇಡುತ್ತಾರೆ. ಬೆಳಕು ಅಗಲವಾಗಿ, ಚಪ್ಪಟೆಯಾಗಿ, ನೆಲಕ್ಕೆ ಹತ್ತಿರ ಹೋಗುತ್ತದೆ. ನಮ್ಮ ನೋಟದ ಗೆರೆ ಮೇಲೆ, ಬೆಳಕಿನ ಹಾಸು ಕೆಳಗೆ. ಇವೆರಡರ ನಡುವೆ ಅಂತರ ಇದ್ದಷ್ಟೂ ವಾಪಸ್ ಬರುವ ಬೆಳಕು ಕಮ್ಮಿ. ರಸ್ತೆಯ ಎರಡೂ ಅಂಚು, ಬಿಳಿ ಪಟ್ಟಿ ಕಂಡರೆ ಸಾಕು, ನಿಧಾನವಾಗಿ ಸಾಗಬಹುದು.

ಹಾಗಾಗಿ ಫಾಗ್ ಲೈಟಿಗೆ ಎಲ್‌ಇಡಿ ಹಾಕುವಾಗಲೂ ಮುಖ್ಯವಾದದ್ದು ಮೇಲಿನ ಆ ಗೆರೆಯೇ. ಬೆಳಕು ಗೆರೆ ಮೀರಿ ಮೇಲೆ ಚೆಲ್ಲಿದರೆ, ಫಾಗ್ ಲೈಟ್ ಇರುವ ಉದ್ದೇಶವೇ ಹೋಯಿತು. ನಿಮಗೇ ಮಂಜು ಇನ್ನಷ್ಟು ದಟ್ಟವಾಗಿ ಕಾಣುತ್ತದೆ.

ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಫ್ರಾನ್ಸಿನಲ್ಲಂತೂ 1993ರವರೆಗೆ ಹೆಡ್‌ಲೈಟುಗಳೇ ಹಳದಿ ಇರಬೇಕಿತ್ತು. ಆದರೆ ಸೀಳುವ ಮಾತು ನಿಜವಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಅದು ಎಲ್ಲ ಬಣ್ಣವನ್ನೂ ಹೆಚ್ಚು ಕಮ್ಮಿ ಒಂದೇ ಥರ ಚದುರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದೂ ಅದಕ್ಕೇ. ಹಳದಿಯಿಂದ ಸಿಗುವ ಲಾಭ ಬೇರೆ. ಅದರಲ್ಲಿ ನೀಲಿ ಭಾಗ ಬಹಳ ಕಮ್ಮಿ, ಹಾಗಾಗಿ ವಾಪಸ್ ಬಂದ ಬೆಳಕು ಕಣ್ಣನ್ನು ಅಷ್ಟು ದಣಿಸುವುದಿಲ್ಲ. ಫಾಗ್ ಲೈಟಿಗೆ ಎಲ್‌ಇಡಿ ಹಾಕಲೇಬೇಕು ಅಂತಿದ್ದರೆ ನಾನು 3000 ಕೆಲ್ವಿನ್ ಹತ್ತಿರದ ಹಳದಿಯನ್ನೇ ಆರಿಸಿಕೊಳ್ಳುತ್ತೇನೆ. 6500ರ ಬಿಳಿ ಬೇಡವೇ ಬೇಡ.

ಫಾಗ್ ಲೈಟಿನ ಬಲ್ಬುಗಳಲ್ಲಿ ಶಕ್ತಿಯ ವ್ಯತ್ಯಾಸವೂ ದೊಡ್ಡದಿದೆ. ಎಚ್11 ಆದರೆ 55 ವ್ಯಾಟ್, ಎಚ್8 ಆದರೆ 35, ಎಚ್16 ಬರೀ 19. ಕೆಲವರು ಮೂರಕ್ಕೂ ಒಂದೇ ಎಲ್‌ಇಡಿ ಬಲ್ಬ್ ಮಾರುತ್ತಾರೆ. 19 ವ್ಯಾಟಿನ, ಸುಮಾರು 500 ಲುಮೆನ್ನಿನ ಬಲ್ಬಿಗೆಂದು ಮಾಡಿದ ಪುಟ್ಟ ದೀಪದೊಳಗೆ ಅದರ ಮೂರು ನಾಲ್ಕು ಪಟ್ಟು ಬೆಳಕು ತುರುಕಿದರೆ ಎದುರಿನವರಿಗೆ ತೊಂದರೆ ತಪ್ಪಿದ್ದಲ್ಲ. ಮಂಜಿಲ್ಲದಾಗ ಫಾಗ್ ಲೈಟ್ ಆರಿಸಿಬಿಡಿ. ಅದರಲ್ಲೂ ಒದ್ದೆ ರಸ್ತೆಯಲ್ಲಿ ಆ ಬೆಳಕು ನೀರಿನ ಮೇಲೆ ಜಾರಿ ಎದುರಿನವರ ಕಣ್ಣಿಗೇ ಏಳುತ್ತದೆ.

ಬಿಸಿ ಮತ್ತು ವೈರು

ಎಲ್‌ಇಡಿ ತಣ್ಣಗಿರುತ್ತದೆ ಅನ್ನುವುದು ಅರ್ಧ ಸತ್ಯ. ಹ್ಯಾಲೊಜೆನ್ ತನ್ನ ಬಿಸಿಯನ್ನು ಬೆಳಕಿನ ಜೊತೆ ಮುಂದಕ್ಕೆ ಎಸೆಯುತ್ತದೆ. ಎಲ್‌ಇಡಿ ಬೆಳಕಿನಲ್ಲಿ ಬಿಸಿ ಇಲ್ಲ, ಆದರೆ ಚಿಪ್‌ನ ಬೆನ್ನು ಕಾಯುತ್ತದೆ. ಆ ಬಿಸಿ ಬಲ್ಬಿನ ಹಿಂಭಾಗಕ್ಕೆ ಹರಿದು, ಲೋಹದ ರೆಕ್ಕೆಗಳಿಂದಲೋ ಪುಟ್ಟ ಫ್ಯಾನಿನಿಂದಲೋ ಹೊರಹೋಗಬೇಕು. ಹೊರಹೋಗದಿದ್ದರೆ ಬೆಳಕು ಕುಗ್ಗುತ್ತದೆ, ಆಯಸ್ಸೂ ಕುಗ್ಗುತ್ತದೆ. ಹಚ್ಚಿದ ಕೂಡಲೇ ಕಂಡ ಬೆಳಕನ್ನು ನಂಬಬೇಡಿ. ಅರ್ಧ ಗಂಟೆ ಉರಿದ ಮೇಲೆ ಉಳಿದದ್ದೇ ನಿಜವಾದ ಬೆಳಕು.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಫ್ಯಾನ್ ಇರುವ ಬಲ್ಬ್ ಉದ್ದ, ಹಾಗಾಗಿ ಹೆಡ್‌ಲೈಟಿನ ಹಿಂದಿನ ರಬ್ಬರ್ ಮುಚ್ಚಳ ಕೂರುವುದಿಲ್ಲ. ಮುಚ್ಚಳವನ್ನು ಸುಮ್ನೆ ತೆಗೆದಿಟ್ಟುಬಿಡುತ್ತಾರೆ, ಇಲ್ಲವೇ ತೂತು ಕೊರೆಯುತ್ತಾರೆ. ಕೆಲವೇ ತಿಂಗಳಲ್ಲಿ ಧೂಳು, ತೇವ ಒಳಗೆ ಸೇರಿ ರಿಫ್ಲೆಕ್ಟರಿನ ಬೆಳ್ಳಿ ಹೊಳಪು ಹೋಗುತ್ತದೆ. ಆಮೇಲೆ ಯಾವ ಬಲ್ಬ್ ಹಾಕಿಯೂ ಪ್ರಯೋಜನವಿಲ್ಲ, ಇಡೀ ಹೆಡ್‌ಲೈಟೇ ಬದಲಿಸಬೇಕು. ಕೊಳ್ಳುವ ಮೊದಲೇ ಹಿಂದಿನ ಜಾಗ ಅಳೆದುಕೊಳ್ಳಿ. ಹಿಮ ಬೀಳುವ ಕಡೆ ಇನ್ನೊಂದು ತೊಂದರೆಯಿದೆ. ಹ್ಯಾಲೊಜೆನ್ನಿನ ಬಿಸಿಗೆ ಗಾಜಿನ ಮೇಲಿನ ಹಿಮ ಕರಗುತ್ತಿತ್ತು, ಎಲ್‌ಇಡಿಗೆ ಕರಗುವುದಿಲ್ಲ.

ಈಗಿನ ಗಾಡಿಗಳ ಕಂಪ್ಯೂಟರ್ ಬಲ್ಬ್ ಎಳೆಯುವ ಕರೆಂಟನ್ನು ಗಮನಿಸುತ್ತಿರುತ್ತದೆ. 55 ವ್ಯಾಟ್ ಎಳೆಯಬೇಕಾದ ಕಡೆ 20 ಎಳೆದರೆ ಬಲ್ಬ್ ಹೋಗಿದೆ ಎಂದುಕೊಂಡು ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ತೋರಿಸುತ್ತದೆ. ಕೆಲವು ಗಾಡಿಗಳು ಕರೆಂಟನ್ನು ಬಹಳ ಬೇಗ ಬೇಗ ಬಿಟ್ಟು ಬಿಟ್ಟು ಕೊಡುತ್ತವೆ. ತಂತಿಗೆ ಅದು ಗೊತ್ತಾಗುವುದಿಲ್ಲ, ಬಿಸಿಯಾಗಿಯೇ ಇರುತ್ತದೆ. ಎಲ್‌ಇಡಿ ಮಾತ್ರ ಮಿಣುಕುತ್ತದೆ. ಇವೆರಡನ್ನೂ ತಪ್ಪಿಸಲು ಬಲ್ಬಿಗೂ ಗಾಡಿಯ ವೈರಿಗೂ ನಡುವೆ ಹಾಕುವ ಕ್ಯಾನ್‌ಬಸ್ ಡಿಕೋಡರ್ ಎಂಬ ಡಬ್ಬಿ ಬರುತ್ತದೆ. ಬರೀ ರೆಸಿಸ್ಟರ್ ಹಾಕಿ ಹೆಚ್ಚು ಕರೆಂಟ್ ಎಳೆಯುವಂತೆ ಮಾಡುವವರೂ ಇದ್ದಾರೆ. ಆ ರೆಸಿಸ್ಟರ್ ಮುಟ್ಟಲಾಗದಷ್ಟು ಕಾಯುತ್ತದೆ. ಅದನ್ನು ಲೋಹಕ್ಕೆ ಬಿಗಿಯಬೇಕು, ಪ್ಲಾಸ್ಟಿಕ್ಕಿಗೋ ವೈರಿನ ಕಟ್ಟಿಗೋ ತಾಗಿಸಿ ಬಿಡಬಾರದು. ಅಗ್ಗದ ಬಲ್ಬುಗಳು ಎಫ್‌ಎಂ ರೇಡಿಯೊದಲ್ಲಿ ಗುಂಯ್ ಅನ್ನುವ ಸದ್ದನ್ನೂ ತರುತ್ತವೆ.

ಅದಕ್ಕೂ ಮುಂಚೆ

ಹಳೇ ಗಾಡಿಯಲ್ಲಿ ಬೆಳಕು ಸಾಲದು ಅನ್ನಿಸಿದರೆ ಬಲ್ಬಿನ ಮೇಲೆ ತಪ್ಪು ಹೊರಿಸುವ ಮೊದಲು ಎರಡು ಕಡೆ ನೋಡಿ. ಮೊದಲನೆಯದು ಮುಂದಿನ ಮುಚ್ಚಳ. ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿಗೆ ಹಳದಿಗಟ್ಟಿ ಮಬ್ಬಾಗುತ್ತದೆ. ಮಬ್ಬಾದ ಮುಚ್ಚಳದ ಹಿಂದೆ ಎಲ್‌ಇಡಿ ಹಾಕಿದರೆ ಬೆಳಕು ಎಲ್ಲ ದಿಕ್ಕಿಗೂ ಚದುರಿ ಇನ್ನೂ ಕೆಡುತ್ತದೆ. ಉಜ್ಜಿ ಪಾಲಿಶ್ ಮಾಡಿ, ಮೇಲೆ ಬಿಸಿಲು ತಡೆಯುವ ಲೇಪ ಹಚ್ಚಿಸಿ.

ಎರಡನೆಯದು ವೋಲ್ಟೇಜ್. ಹ್ಯಾಲೊಜೆನ್ ಬಲ್ಬಿಗೆ ಇದು ಜೀವಾಳ. ವೋಲ್ಟೇಜ್ 10ರಲ್ಲಿ ಒಂದು ಪಾಲು ಇಳಿದರೆ ಬೆಳಕು ಸುಮಾರು 30 ಪ್ರತಿಶತ ಇಳಿಯುತ್ತದೆ. ಬಲ್ಬಿನ ಬೆಳಕನ್ನು ಅಳೆದಿರುವುದು 13.2 ವೋಲ್ಟಿನಲ್ಲಿ. ಹಳೇ ವೈರು, ತುಕ್ಕು ಹಿಡಿದ ಹೋಲ್ಡರ್, ಸಡಿಲ ಅರ್ತ್ ಎಲ್ಲ ದಾಟಿ ಬಲ್ಬಿಗೆ 11.9 ತಲುಪಿದರೆ, ಮೂರನೇ ಒಂದರಷ್ಟು ಬೆಳಕು ದಾರಿಯಲ್ಲೇ ಹೋದಂತೆ. ಇಂಜಿನ್ ಓಡುತ್ತಿರುವಾಗ, ಲೈಟ್ ಹಚ್ಚಿ, ಹೋಲ್ಡರಿನಲ್ಲೇ ಮಲ್ಟಿಮೀಟರ್ ಇಟ್ಟು ನೋಡಿ. ಕಮ್ಮಿ ಇದ್ದರೆ ರಿಲೇ ಎಂಬ, ಕರೆಂಟಿನಿಂದಲೇ ನಡೆಯುವ ಸ್ವಿಚ್ ಹಾಕಿ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆಸಿ. ಎಷ್ಟೋ ಗಾಡಿಗಳಿಗೆ ಇದೇ ಸಾಕಾಗುತ್ತದೆ, ಎಲ್‌ಇಡಿಯ ಅಗತ್ಯವೇ ಬೀಳುವುದಿಲ್ಲ.

ಕಾನೂನಿನ ಮಾತೂ ಇದೇ ದಾರಿಯಲ್ಲಿದೆ. 2020ರಲ್ಲಿ ಜರ್ಮನಿ ಓಸ್ರಾಮ್ ಕಂಪನಿಯ ಒಂದು ಎಚ್7 ಎಲ್‌ಇಡಿ ಬಲ್ಬಿಗೆ ರಸ್ತೆ ಬಳಕೆಯ ಒಪ್ಪಿಗೆ ಕೊಟ್ಟಿತು. ಆದರೆ ಎಲ್ಲ ಕಾರುಗಳಿಗೂ ಅಲ್ಲ, ಪಟ್ಟಿಯಲ್ಲಿರುವ ಮಾದರಿಗಳಿಗೆ ಮಾತ್ರ. ಒಂದು ಹೆಡ್‌ಲೈಟಿನಲ್ಲಿ ಸರಿಯಾಗಿ ಬೆಳಗುವ ಬಲ್ಬ್ ಇನ್ನೊಂದರಲ್ಲಿ ಕಣ್ಣು ಕುಕ್ಕಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅಮೆರಿಕದಲ್ಲಿ ಹ್ಯಾಲೊಜೆನ್ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಲು ನಿಯಮದಲ್ಲಿ ಜಾಗವಿಲ್ಲ. ನಿಮ್ಮ ದೇಶದ ನಿಯಮವನ್ನು, ವಿಮೆಯ ಶರತ್ತನ್ನು ನೋಡಿಕೊಳ್ಳಿ. ಬಲ್ಬಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಅಂದರೆ ಒಪ್ಪಿಗೆಯ ಗುರುತು, ಕಂಡ ಕೂಡಲೇ ನಿರಾಳವಾಗಬೇಡಿ. ಅದರ ಪಕ್ಕ 10ಆರ್ ಎಂದಿದ್ದರೆ, ಅದು ರೇಡಿಯೊ ಮುಂತಾದವಕ್ಕೆ ಅಡ್ಡಿ ಮಾಡುವುದಿಲ್ಲ ಎಂಬ ಪರೀಕ್ಷೆಯ ಗುರುತು ಮಾತ್ರ. ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ.

ಹಾಕುವ ದಿನ

ಹಳೇ ಬಲ್ಬ್ ಬಿಚ್ಚುವ ಮೊದಲೇ ಗುರುತು ಮಾಡಿಕೊಳ್ಳಬೇಕು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಲಿಸಿ. ಚಕ್ರದ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಡಿಪ್ ಹಚ್ಚಿ, ಬೆಳಕಿನ ಗೆರೆಯನ್ನು ಟೇಪ್ ಅಂಟಿಸಿ ಗುರುತಿಸಿ. ಬಹಳಷ್ಟು ಕಾರುಗಳಲ್ಲಿ ಗೆರೆ ಹೆಡ್‌ಲೈಟಿನ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, ಅಂದರೆ ನೂರಕ್ಕೆ ಒಂದರ ಇಳಿಜಾರು. ನಂತರ ಎಲ್‌ಇಡಿ ಹಾಕಿ. ಚಿಪ್‌ಗಳು ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕು, ಮೇಲೆ ಕೆಳಗೆ ಅಲ್ಲ. ಬಳೆ ತಿರುಗಿಸಿ ಇದನ್ನು ಹೊಂದಿಸಬಹುದು. ಹಚ್ಚಿದಾಗ ಬಲ್ಬ್ ಉರಿಯದಿದ್ದರೆ ಗಾಬರಿ ಬೇಡ, ಪ್ಲಗ್ ತಿರುಗಿಸಿ ಹಾಕಿ. ಎಲ್‌ಇಡಿಗೆ ಪ್ಲಸ್ ಮೈನಸ್ ಲೆಕ್ಕ ಇದೆ.

ಈಗ ಗೆರೆ ಟೇಪಿನ ಮೇಲೆಯೇ ಕೂತಿದೆಯಾ ನೋಡಿ. ಗೆರೆಯ ಮೇಲೆ ಬೆಳಕಿನ ಕಲೆಗಳು, ಪಟ್ಟೆಗಳು ಕಂಡರೆ ಆ ಬಲ್ಬ್ ನಿಮ್ಮ ಹೆಡ್‌ಲೈಟಿಗೆ ಹೊಂದುವುದಿಲ್ಲ. ಸ್ಕ್ರೂ ತಿರುಗಿಸಿ ಇಡೀ ಬೆಳಕನ್ನು ಕೆಳಗಿಳಿಸಿ ಸರಿಮಾಡುತ್ತೇನೆ ಅಂದರೆ ದೂರದ ರಸ್ತೆ ಕತ್ತಲಾಗುತ್ತದೆ, ಚೆಲ್ಲುವ ಬೆಳಕು ಚೆಲ್ಲುತ್ತಲೇ ಇರುತ್ತದೆ.

ಕೊನೆಗೆ ಗಾಡಿಯೊಳಗೆ ಯಾರನ್ನಾದರೂ ಕೂರಿಸಿ, ಡಿಪ್ ಹಚ್ಚಲು ಹೇಳಿ, 40–50 ಮೀಟರ್ ಮುಂದಕ್ಕೆ ನಡೆದು ಹೋಗಿ. ಕಾರಿನಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಸ್ವಲ್ಪ ಬಗ್ಗಿ, ನಿಮ್ಮದೇ ಗಾಡಿಯನ್ನು ನೋಡಿ. ಎದುರಿನವರ ಜಾಗದಲ್ಲಿ ನಿಂತು ನೋಡುವ ಈ ಒಂದು ನಿಮಿಷವನ್ನು ದಯವಿಟ್ಟು ತಪ್ಪಿಸಬೇಡಿ. ಮುಖ ತಿರುಗಿಸಿಕೊಳ್ಳುವಂತಾದರೆ ಹಳೇ ಹ್ಯಾಲೊಜೆನ್ ವಾಪಸ್ ಹಾಕಿ. ಅದಕ್ಕಾಗಿಯೇ ಅವನ್ನು ಎಸೆಯದೆ ಡಿಕ್ಕಿಯಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡಿರಿ. ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡಿಗೆ ಗಾಜು ಒಂದೇ ಕಡೆ ಕಾದು ಬಲ್ಬ್ ಬೇಗ ಹೋಗುತ್ತದೆ.